ಗಳಲೆ ರೋಗ: ಸೂಕ್ಷ್ಮ ಪೊರೆಚೀಲದಲ್ಲಿದೆಯೇ ನಾಳಿನ ಲಸಿಕೆ?

ಬೀದರ್: ಮುಂಗಾರು ಕಾಲಿಡುವ ಹೊತ್ತಿಗೆ ನಗರಕ್ಕೆ ಹೊಂದಿಕೊಂಡ ಚಿದ್ರಿಯಲ್ಲಾಗಲಿ, ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಎಮ್ಮೆ, ದನ ಸಾಕಿದವರನ್ನು ಕಾಡುವುದು ಗಳಲೆ ರೋಗದ ಭಯ. ಗಂಟಲು ಬೇನೆಯೆಂದೂ ಕರೆಯುವ ಈ ರೋಗ ತಗುಲಿದ ಜಾನುವಾರಿಗೆ ವಿಪರೀತ ಜ್ವರ ಏರುತ್ತದೆ, ಗಂಟಲು ಊದಿಕೊಳ್ಳುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಅನೇಕ ವೇಳೆ ಒಂದೆರಡು ದಿನಗಳೊಳಗೆ ಸಾವು ಸಂಭವಿಸುತ್ತದೆ. ನಿನ್ನೆ ಹಾಲು ಕೊಟ್ಟ ಎಮ್ಮೆ ಇಂದು ಕೊಟ್ಟಿಗೆಯಲ್ಲಿಲ್ಲ ಎಂಬ ಸ್ಥಿತಿ ಸಣ್ಣ ರೈತನ ಪಾಲಿಗೆ ಬರಸಿಡಿಲು.

ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ ಈ ರೋಗಕ್ಕೆ ಕಾರಣ. ಇದಕ್ಕೆ ಲಸಿಕೆ ಇದೆ. ಆದರೆ ಅದರ ರಕ್ಷಣೆಗೆ ಮಿತಿಯಿದೆ. ಪಟಿಕ ಬೆರೆಸಿದ ಲಸಿಕೆಯ ಬಲ ಸುಮಾರು ಆರು ತಿಂಗಳು. ಎಣ್ಣೆ ಬೆರೆಸಿದ್ದು ಹೆಚ್ಚೆಂದರೆ ಒಂದು ವರ್ಷ. ಎಣ್ಣೆಯ ಲಸಿಕೆ ಮಂದವಾಗಿರುವುದರಿಂದ ಸೂಜಿಯಲ್ಲಿ ಏರಿಸುವುದೂ ಸುಲಭವಲ್ಲ. ಇವೆರಡರಲ್ಲೂ ಇರುವುದು ಕೊಂದ ಇಡೀ ಬ್ಯಾಕ್ಟೀರಿಯಾ. ಇಡೀ ರೋಗಾಣುವಿನ ಬದಲು ಅದು ಹೊರಹಾಕುವ ಸೂಕ್ಷ್ಮ ಚೀಲವನ್ನೇ ಲಸಿಕೆಯಾಗಿ ಬಳಸಬಹುದೇ ಎಂಬ ಪ್ರಶ್ನೆ ಈಗ ವಿಜ್ಞಾನಿಗಳ ಮುಂದಿದೆ.

ಏನಿದು ಪೊರೆಚೀಲ?

ವಿಜ್ಞಾನಿಗಳು ಮೆಂಬ್ರೇನ್ ವೆಸಿಕಲ್ ಎಂದು ಕರೆಯುವ ಈ ಪೊರೆಚೀಲಗಳ ಗಾತ್ರ ಸಾಮಾನ್ಯವಾಗಿ 20ರಿಂದ 250 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಪಾಶ್ಚುರೆಲ್ಲಾದಂತಹ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆಗಳಿದ್ದು, ನಡುವೆ ತೆಳುವಾದ ಭಿತ್ತಿಯಿರುತ್ತದೆ. ಹೊರಪೊರೆಯನ್ನು ಈ ಭಿತ್ತಿಗೆ ಬಿಗಿದ ಪ್ರೋಟೀನ್ ಕೊಂಡಿಗಳು ಸಡಿಲವಾದೆಡೆ ಪೊರೆ ಗುಳ್ಳೆಯಂತೆ ಉಬ್ಬುತ್ತದೆ; ಬಳಿಕ ಕಳಚಿಕೊಂಡು ಹೊರಗೆ ತೇಲುತ್ತದೆ. ಕೆಲವೊಮ್ಮೆ ಬ್ಯಾಕ್ಟೀರಿಯಾ ಒಡೆದು ಸತ್ತಾಗ ಅದರ ಪೊರೆಯ ಚೂರುಗಳು ಸುತ್ತಿಕೊಂಡು ಚೀಲಗಳಾಗುವುದೂ ಉಂಟು.

ಇದರ ಶೋಧದಲ್ಲಿ ಭಾರತದ ಪಾಲೂ ಇದೆ ಎಂಬುದು ಗಮನಾರ್ಹ. ಕಾಲರಾ ರೋಗಾಣು ತನ್ನ ಹೊರಕವಚದ ಭಾಗಗಳನ್ನು ಹೀಗೆ ಹೊರಚೆಲ್ಲುವುದನ್ನು ಕಲ್ಕತ್ತಾದ ಎಸ್.ಎನ್. ಚಟರ್ಜಿ ಮತ್ತು ಜೆ. ದಾಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು 1967ರಲ್ಲಿ ವರದಿ ಮಾಡಿದ್ದರು. ಬಹುಕಾಲ ಇವನ್ನು ಕಸವೆಂದೇ ಬಗೆಯಲಾಗಿತ್ತು. ಪ್ರಾಣಿಗಳ ಜೀವಕೋಶಗಳೂ ಇಂತಹ ಚೀಲಗಳನ್ನು ಹೊರಬಿಡುತ್ತವೆ ಎಂಬುದು 1983ರಲ್ಲಿ ಎಳೆಯ ಕೆಂಪು ರಕ್ತಕಣಗಳ ಅಧ್ಯಯನದಿಂದ ಸ್ಪಷ್ಟವಾಯಿತು. ಹಸುವಿನ ಹಾಲಿನಲ್ಲೂ ಇವು ಇವೆ. ಜೀವಕೋಶದೊಳಗೆ ಚೀಲಗಳ ಸಾಗಾಟ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2013ರ ನೊಬೆಲ್ ಪ್ರಶಸ್ತಿ ಸಂದಿತು.

ವಿಷವೂ ಹೌದು, ಮದ್ದೂ ಹೌದು

ಬ್ಯಾಕ್ಟೀರಿಯಾಕ್ಕೆ ಪೊರೆಚೀಲ ಒಂದು ಟಪಾಲು ವ್ಯವಸ್ಥೆ. ವಿಷ, ಕಿಣ್ವ, ವಂಶವಾಹಿಗಳ ತುಣುಕು ಎಲ್ಲವೂ ಅದರೊಳಗೆ ಸಾಗುತ್ತವೆ. ಪೆನಿಸಿಲಿನ್ ಜಾತಿಯ ಔಷಧಗಳನ್ನು ಒಡೆಯುವ ಕಿಣ್ವವನ್ನು ಕೆಲವು ಬ್ಯಾಕ್ಟೀರಿಯಾಗಳು ಈ ಚೀಲದಲ್ಲಿ ತುಂಬಿ ಕಳಿಸುತ್ತವೆ. ಅದರಿಂದ ನೆರೆಯ ರೋಗಾಣುಗಳೂ ಬದುಕುಳಿಯುತ್ತವೆ. ಪಶುವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ಔಷಧ ತಂದು ಚುಚ್ಚುವ, ಅರ್ಧಕ್ಕೆ ನಿಲ್ಲಿಸುವ ರೂಢಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ಚೀಲದ ಮೇಲ್ಮೈಯಲ್ಲಿ ರೋಗಾಣುವಿನ ಗುರುತಿನ ಪ್ರೋಟೀನ್‌ಗಳು ಅವುಗಳ ಸಹಜ ರೂಪದಲ್ಲೇ ಇರುತ್ತವೆ. ಚೀಲಕ್ಕೆ ಜೀವವಿಲ್ಲ, ಅದು ವೃದ್ಧಿಯಾಗದು. ಆದರೂ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದೇ ಗುರುತಿಸಿ ಸಜ್ಜಾಗುತ್ತದೆ. ಮನುಷ್ಯರಲ್ಲಿ ಈ ತತ್ವ ಈಗಾಗಲೇ ಫಲ ನೀಡಿದೆ. ಮಿದುಳುಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ ಬಿ ವಿರುದ್ಧ ನ್ಯೂಜಿಲೆಂಡ್ 2004ರಲ್ಲಿ ಪೊರೆಚೀಲದ ಲಸಿಕೆ ಹಾಕಿಸಿತು. ಅದನ್ನು ಪಡೆದವರಲ್ಲಿ ಅದೇ ಕುಲದ ಇನ್ನೊಂದು ಬ್ಯಾಕ್ಟೀರಿಯಾ ತರುವ ಗೊನೊರಿಯಾ ರೋಗವೂ ಶೇ. 31ರಷ್ಟು ಕಡಿಮೆ ಎಂದು 2017ರ ಅಧ್ಯಯನವೊಂದು ಅಂದಾಜಿಸಿತು. ನ್ಯೂಜಿಲೆಂಡಿನ ಅದೇ ಪೊರೆಚೀಲವನ್ನು ಒಳಗೊಂಡ ಬೆಕ್ಸೆರೊ ಲಸಿಕೆಯನ್ನು ಇಂಗ್ಲೆಂಡ್ 2025ರ ಆಗಸ್ಟ್‌ನಿಂದ ಗೊನೊರಿಯಾ ತಡೆಗೂ ಕೊಡಲಾರಂಭಿಸಿತು.

ಜಾನುವಾರುಗಳ ಗಳಲೆ ರೋಗಕ್ಕೆ ಇಂತಹ ಲಸಿಕೆ ರೈತರ ಕೈಗೆ ಇನ್ನೂ ಬಂದಿಲ್ಲ. ಪಾಶ್ಚುರೆಲ್ಲಾ ಕೂಡ ಪೊರೆಚೀಲ ಬಿಡುತ್ತದೆ ಎಂಬುದು ದೃಢಪಟ್ಟಿದೆ. ಆದರೆ ಆ ಚೀಲದಲ್ಲಿ ಜ್ವರ ಏರಿಸುವ ಒಳವಿಷವೂ ಇರುವುದರಿಂದ ಅದನ್ನು ತಗ್ಗಿಸಬೇಕು, ರಾಶಿಯಾಗಿ ತಯಾರಿಸಬೇಕು, ಬಡ ರೈತನಿಗೆ ನಿಲುಕುವ ಬೆಲೆಯಲ್ಲಿ ಒದಗಿಸಬೇಕು. ಪ್ರಯೋಗಾಲಯದ ಮೇಜಿನಿಂದ ಕೊಟ್ಟಿಗೆಯವರೆಗಿನ ದಾರಿ ದೀರ್ಘವಾದುದು.

ಬೀದರ್‌ಗೆ ಹೊಣೆ ಇದೆ

ಈ ದಾರಿಯನ್ನು ಕ್ರಮಿಸಲು ಬೀದರ್‌ಗಿಂತ ಸೂಕ್ತ ಸ್ಥಳ ರಾಜ್ಯದಲ್ಲಿ ಇನ್ನೊಂದಿಲ್ಲ. 2004ರ ಕಾಯ್ದೆಯಡಿ ರಚನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇಲ್ಲಿನ ನಂದಿನಗರ. ಜಾನುವಾರು ಲಸಿಕೆ ತಯಾರಿಸುವ ಹೆಬ್ಬಾಳದ ಸಂಸ್ಥೆಯೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದೆ. ಈ ಭಾಗದ ಹೆಮ್ಮೆಯಾದ ದೇವಣಿ ತಳಿಯ ದನಗಳೂ ಸುತ್ತಮುತ್ತಲೇ ಇವೆ.

ಕೊರತೆಯಿರುವುದು ಆದ್ಯತೆಯಲ್ಲಿ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 13,343 ಕೋಟಿ ರೂ. ವೆಚ್ಚದಲ್ಲಿ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಗುರಿ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ಮಾತ್ರ ಆಗಿತ್ತು. ಮಳೆಗಾಲದಲ್ಲಿ ಒಂದೇ ಏಟಿಗೆ ಎಮ್ಮೆಯನ್ನು ಕಸಿಯುವ ಗಳಲೆ ರೋಗ ಆ ಪಟ್ಟಿಯಲ್ಲಿರಲಿಲ್ಲ. ಹೊಸ ಲಸಿಕೆಯ ಸಂಶೋಧನೆಗೆ ಹಣ, ಈಗಿನ ಲಸಿಕೆ ಕೊನೆಯ ಹಳ್ಳಿಗೂ ತಲುಪುವಂತೆ ಸಿಬ್ಬಂದಿ, ಇವೆರಡನ್ನೂ ಒದಗಿಸುವುದು ಸರ್ಕಾರದ ಕರ್ತವ್ಯ.

ಅಲ್ಲಿಯವರೆಗೆ ರೈತರು ನಾಳಿನ ಲಸಿಕೆಗೆ ಕಾಯುತ್ತಾ ಇಂದಿನದನ್ನು ಬಿಡುವಂತಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಫಲಿಸುವುದು ವಿರಳ. ಮಳೆಗೆ ಮೊದಲೇ, ಮೇ ತಿಂಗಳಲ್ಲೇ ಚುಚ್ಚುಮದ್ದು ಹಾಕಿಸುವುದು ಜಾಣತನ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಕೋಟೆಯ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.