ಹುಡುಕು, ಹುಡಕಣೆ

ಲ್ಯಾಟಿನ್ನಿನಲ್ಲಿ ‘ಕ್ವೈರೆರೆ’ ಎಂಬ ಕ್ರಿಯಾಪದವಿತ್ತು. ಹುಡುಕು, ಕೇಳು ಎಂದು ಅದರ ಅರ್ಥ. ಅದರ ಸಂತತಿ ಒಂದೊಂದು ಮನೆಯಲ್ಲಿ ಒಂದೊಂದು ಬಗೆಯಾಗಿ ಬೆಳೆಯಿತು. ಇಟಲಿಯವರ ‘ಕಿಯೇದೆರೆ’ ಕೇಳುವುದಕ್ಕೆ ನಿಂತಿತು. ಸ್ಪೇನಿನವರ ‘ಕೆರೇರ್’ ಬಯಸುವುದಕ್ಕೂ ಪ್ರೀತಿಸುವುದಕ್ಕೂ ಹಿಗ್ಗಿತು. ಇಂಗ್ಲಿಷು ಆ ವಂಶದ್ದಲ್ಲ; ಆದರೂ ‘ಕ್ವೆಶ್ಚನ್’, ‘ಎನ್‌ಕ್ವಯರಿ’ಗಳನ್ನು ಆ ಮನೆತನದಿಂದಲೇ ಕಡ ತಂದಿತು. ತಂದದ್ದಕ್ಕೆ ಅಲ್ಲಿ ಯಾರೂ ನಾಚುವುದಿಲ್ಲ.

ನಮ್ಮ ಮುರುಮದಲ್ಲಿ ನಾಚುತ್ತೇವೆ. ಬಾಲ್ಯದಲ್ಲಿ ಮರಾಠಿ ನಿಬಂಧವೊಂದರಲ್ಲಿ, ತಪ್ಪಿಸಿಕೊಂಡ ಎಮ್ಮೆಯ ಕಥೆ ಬರೆಯುತ್ತ ನಾನು ‘ಹುಡಕಲಂ’ ಎಂದಿದ್ದೆ. ಗುರುಗಳು ಕೆಂಪು ಶಾಯಿಯಿಂದ ಹೊಡೆದು ‘ಶೋಧಲಂ’ ಎಂದು ತಿದ್ದಿದರು. ಇದು ಕಾನಡಿ ಮಾತು ಎಂದರು. ಕನ್ನಡದ ತಾಸಿನಲ್ಲಿ ಅದೇ ಎಮ್ಮೆ ‘ಹುಡುಕಿ’ದಾಗ ಸಿಕ್ಕಿತು, ಯಾರೂ ತಿದ್ದಲಿಲ್ಲ. ಈಗ ನನ್ನ ವಿದ್ಯಾರ್ಥಿಗಳು ಕನ್ನಡದ ಉತ್ತರಪತ್ರಿಕೆಯಲ್ಲಿಯೂ ‘ಅನ್ವೇಷಿಸಿದನು’ ಎಂದೇ ಬರೆಯುತ್ತಾರೆ!

ನಾಮಪದಗಳು ಗಡಿ ದಾಟುವುದು ಸುಲಭ. ಸಂತೆಯಲ್ಲಿ ವಸ್ತು ಕೈಬದಲಾಯಿಸಿದರೆ ಹೆಸರೂ ಜೊತೆಗೆ ಹೋಗುತ್ತದೆ. ತುಪ್ಪ ‘ತೂಪ’ವಾದದ್ದು ಹಾಗೆ. ಕ್ರಿಯಾಪದವಾದರೋ ಕಾಲ, ಲಿಂಗ, ವಚನಗಳ ಭಾರವನ್ನೆಲ್ಲ ಹೊರಬೇಕು. ‘ಹುಡುಕು’ ಮರಾಠಿಯ ‘ಣೆ’ ಹಚ್ಚಿಕೊಂಡು, ‘ಹುಡಕತೋ, ಹುಡಕತೇ, ಹುಡಕಲಾ’ ಎಂದು ಸರಾಗವಾಗಿ ನಡೆಯಬೇಕಾದರೆ ಎರಡು ಭಾಷೆಗಳನ್ನು ಒಂದೇ ನಾಲಗೆಯಲ್ಲಿ ಆಡಿದ ಮನೆಗಳು ಬೇಕು.

ಅದರ ಮೊದಲಿನ ಹಕಾರವನ್ನೂ ಗಮನಿಸಿರಿ. ಹಳಗನ್ನಡದಲ್ಲಿ ಇದು ‘ಪುಡುಕು’. ಪಾಲು ಹಾಲಾದಂತೆ, ಪಾವು ಹಾವಾದಂತೆ ಇದೂ ಮಾರ್ಪಟ್ಟಿತು. 10ನೆಯ ಶತಮಾನದ ಪಂಪನಲ್ಲಿ ಪಕಾರದ್ದೇ ಆಳ್ವಿಕೆ. 12ನೆಯ ಶತಮಾನದ ವಚನಗಳಲ್ಲಿ ಹಕಾರ ಎದ್ದು ಕಾಣುತ್ತದೆ. ಮರಾಠಿಯು ಪದಾದಿಯ ಪಕಾರವನ್ನು ಬಿಟ್ಟುಕೊಡುವ ಭಾಷೆಯಲ್ಲ. ‘ಪಾಣೀ’, ‘ಪಾನ’ ಇಂದಿಗೂ ಹಾಗೆಯೇ ಇವೆ. ಆದುದರಿಂದ ‘ಹುಡಕಣೆ’ಯ ಹಕಾರ ಮರಾಠಿ ಮಾಡಿಕೊಂಡದ್ದಲ್ಲ. ಕನ್ನಡದ ಬಾಯಲ್ಲಿ ಪಕಾರ ಸವೆದ ಮೇಲೆಯೇ ಈ ಪದ ಆಚೆ ಮನೆಗೆ ಹೋಗಿದೆ.

‘ಶೋಧಣೆ’ಯ ಮೇಲೆ ನನಗೆ ಮುನಿಸಿಲ್ಲ, ಅದೂ ಒಳ್ಳೆಯ ಪದವೇ. ಆದರೆ ‘ಹುಡಕಣೆ’ಯನ್ನು ಗ್ರಾಮ್ಯವೆಂದು ಕೆಂಪು ಗೆರೆಯಿಂದ ಹೊಡೆದುಹಾಕುವುದನ್ನು ಒಪ್ಪಲಾರೆ. ಐಚ್ಛಿಕ ಕನ್ನಡದಿಂದ ಏನು ಉಪಯೋಗವೆಂದು ನಿಮ್ಮನ್ನು ಮರಾಠಿಯಲ್ಲಿ ಕೇಳುವವರಿದ್ದಾರೆ. ಕೇಳುವವರ ಮಾತಿನೊಳಗೇ ಕನ್ನಡದ ಧಾತು ಕುಳಿತಿರುವುದನ್ನು ತೋರಿಸಲು ಕನ್ನಡ ಓದಿದವರೇ ಬೇಕಲ್ಲವೇ?

ದೀಪಾವಳಿಯ ರಜೆಗೆ ಉಮರ್ಗಾ, ನಿಲಂಗಾ, ಉದಗೀರದ ಕಡೆ ಹೋಗುವವರು ಅಜ್ಜಿಯರ ಮರಾಠಿಯಿಂದ ಇಂಥ ಕ್ರಿಯಾಪದಗಳನ್ನು ವಾಕ್ಯಸಮೇತ ಬರೆದು ತನ್ನಿರಿ. ನಾಮಪದಗಳು ಬೇಡ, ಅವು ನನ್ನ ಬಳಿ ಸಾಕಷ್ಟಿವೆ.