ವಚನದ ಮಾತು ಕೇಳಿಸುವ ಸ್ಪೀಕರು

ಕಳೆದ ಶ್ರಾವಣದಲ್ಲಿ ಕೆಂಬಾಳೆಗೆ ಹೆಸರಾದ ಕಮಲಾಪುರಕ್ಕೆ ಹೋಗಿ, ಅಲ್ಲಿನ ಭಜನಾ ಮಂಡಳಿಯ ಹಿರಿಯರು ಹಾಡಿದ ಎಂಟು ವಚನಗಳನ್ನು ನಾವು ಧ್ವನಿಮುದ್ರಿಸಿಕೊಂಡು ಬಂದೆವು. ಹಾಡಿದವರಲ್ಲಿ ಒಬ್ಬರಿಗೆ ಎಂಬತ್ತು ದಾಟಿದೆ. ಅವರನ್ನು ಮತ್ತೊಮ್ಮೆ ಹಾಡಿಸುವ ಭಾಗ್ಯ ದೊರೆಯುವುದೋ ಇಲ್ಲವೋ ಎಂಬ ಅಳುಕು ನಮಗಿತ್ತು. ಕಲಬುರಗಿಯ ಮನೆಯಲ್ಲಿ ಕುಳಿತು ಕಂಠ, ಹಾರ್ಮೋನಿಯಂ, ತಬಲಾ, ತಾಳಗಳನ್ನು ಹದವಾಗಿ ಬೆರೆಸಿದೆವು. ನಮ್ಮ ಸ್ಪೀಕರುಗಳಲ್ಲಿ ಅದು ಬಲು ಇಂಪಾಗಿತ್ತು. ಅದನ್ನೇ ಕಮಲಾಪುರಕ್ಕೆ ಒಯ್ದು ಕೇಳಿಸಿದಾಗ ತಬಲಾ ಸೊರಗಿತ್ತು, ಕಂಠ ಮಂಕಾಗಿತ್ತು. ರಾಗವೇನೋ ಕೇಳಿಸುತ್ತದೆ, ಮಾತೆಲ್ಲಿ ಹೋಯಿತೆಂದು ಆ ಹಿರಿಯರು ಕೇಳಿದರು.

ತಪ್ಪು ನಮ್ಮ ಸ್ಪೀಕರಿನದು. ಅದನ್ನು ನಂಬಿದ ನಮ್ಮದೂ ಹೌದು. ಮನೆಬಳಕೆಯ ಅನೇಕ ಸ್ಪೀಕರುಗಳು ಕಿವಿಗೆ ಹಿತವಾಗಲೆಂದು ತಗ್ಗಿನ ನಾದವನ್ನೂ ಮೇಲಿನ ಝೇಂಕಾರವನ್ನೂ ಹಿಗ್ಗಿಸಿ ಕೊಡುತ್ತವೆ. ಹೆಚ್ಚಾಯಿತೆಂದು ನಾವು ಎರಡನ್ನೂ ಇಳಿಸಿದ್ದೆವು. ಸ, ಶ, ತ, ಕ ಮೊದಲಾದ ವ್ಯಂಜನಗಳ ಮೊನಚು ಬಹುಪಾಲು 2000 ಹರ್ಟ್ಸ್‌ಗಿಂತ ಮೇಲಿರುತ್ತದೆ. ಅದನ್ನು ಕತ್ತರಿಸಿದರೆ ವಚನದ ಅರ್ಥಕ್ಕೇ ಕತ್ತರಿ ಬಿದ್ದಂತೆ.

ಇದಕ್ಕಾಗಿಯೇ ಸ್ಟುಡಿಯೋ ಮಾನಿಟರ್ ಎಂಬ ಸ್ಪೀಕರುಗಳಿವೆ. ಅವು ಇದ್ದುದನ್ನು ಇದ್ದಂತೆ ಹೇಳಬೇಕೆಂಬ ಉದ್ದೇಶದಿಂದ ಮಾಡಿದವು. 1978ರಲ್ಲಿ ಜಪಾನಿನ ಯಮಾಹಾ ಕಂಪನಿಯು ಎನ್.ಎಸ್.-10 ಎಂಬ ಬಿಳಿ ಕೋನಿನ ಸ್ಪೀಕರನ್ನು ಮನೆಬಳಕೆಗೆಂದೇ ತಂದಿತು. ಅದು ಮೆರೆದದ್ದು ಮಾತ್ರ ಜಗತ್ತಿನ ಸ್ಟುಡಿಯೋಗಳಲ್ಲಿ. 2001ರಲ್ಲಿ ತಯಾರಿಕೆ ನಿಂತರೂ ಅದರ ಹೆಸರು ಮಾಸಿಲ್ಲ. ಅದೂ ಸಂಪೂರ್ಣ ನಿಷ್ಪಕ್ಷಪಾತಿಯಲ್ಲ. ಮನುಷ್ಯ ಕಂಠ ನೆಲೆಸಿರುವ ನಡುವಿನ ನಾದವನ್ನು ಎತ್ತಿ ತೋರುತ್ತಿತ್ತು. ಆದ್ದರಿಂದಲೇ ಹಾಡಿನ ದೋಷಗಳು ಅದರಲ್ಲಿ ಅಡಗುತ್ತಿರಲಿಲ್ಲ.

ಹತ್ತು ಹನ್ನೆರಡು ಅಡಿಯ ಕೋಣೆಗೆ ಐದು ಇಂಚಿನ ಕೋನು ಸಾಕು. ಎಂಟು ಇಂಚಿನದನ್ನು ತಂದರೆ ಕೋಣೆಯೇ ಗುಮ್ಮೆನ್ನುತ್ತದೆ. ಆಂಪ್ಲಿಫೈಯರು ಒಳಗೇ ಇರುವ ಜೋಡಿ ಅನುಕೂಲ. ಅಂಗಡಿಗೆ ಹೋಗುವಾಗ ಮಲ್ಲಿಕಾರ್ಜುನ ಮನಸೂರರದೋ ಸಿದ್ದರಾಮ ಜಂಬಲದಿನ್ನಿಯವರದೋ ನಿಮಗೆ ಬಾಯಿಪಾಠವಿರುವ ಒಂದು ವಚನಗಾಯನವನ್ನು ಜೊತೆಗೆ ಒಯ್ಯಿರಿ. ಧ್ವನಿಯನ್ನು ತಗ್ಗಿಸಿದಾಗಲೂ ಕೊನೆಯ ನುಡಿಯವರೆಗೆ ಮಾತು ತಿಳಿಯುವುದೇ ನೋಡಿರಿ. ಎರಡು ಜೋಡಿಗಳನ್ನು ಹೋಲಿಸುವಾಗ ಗಟ್ಟಿತನ ಸಮವಾಗಿರಲಿ. ಜೋರಾಗಿ ಕೂಗುವುದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. (ಸಭೆಗಳಲ್ಲಿಯೂ ಹೀಗೆಯೇ ಅಲ್ಲವೆ!)

ಸ್ಪೀಕರಿನಷ್ಟೇ ಕೋಣೆಯೂ ಮುಖ್ಯ. ನಮ್ಮ ಕಡೆಯ ಮನೆಗಳಲ್ಲಿ ಕೆಳಗೆ ಶಹಾಬಾದ ಫರಸಿ, ಮೇಲೆ ಸಿಮೆಂಟಿನ ಸ್ಲ್ಯಾಬು. ನಾದ ಎಲ್ಲೆಡೆ ಬಡಿದು ಮರಳುತ್ತದೆ. ನಾವು ನೆಲಕ್ಕೆ ಜಮಖಾನ ಹಾಸಿ, ಗೋಡೆಗೆ ಅಜ್ಜಿ ಹೊಲಿದ ಎರಡು ಕೌದಿಗಳನ್ನು ತೂಗುಹಾಕಿದೆವು. ಸ್ಪೀಕರುಗಳನ್ನು ಮೂಲೆಯಿಂದ ಈಚೆ ಸರಿಸಿ, ಅವೆರಡೂ ನಮ್ಮ ತಲೆಯೂ ಸಮಭುಜ ತ್ರಿಕೋನವಾಗುವಂತೆ, ಕಿವಿಯ ಮಟ್ಟಕ್ಕೆ ಇಟ್ಟೆವು. ಇಷ್ಟಕ್ಕೆ ಖರ್ಚೇನೂ ಆಗಲಿಲ್ಲ.

ಕೇವಲ ಕೇಳುವ ಸಂತೋಷಕ್ಕೆ ಇವು ಬೇಕೇ? ಸವೆದ ಹಳೆಯ ಕ್ಯಾಸೆಟ್ಟುಗಳ ಕರಕರವೂ ಇವುಗಳಲ್ಲಿ ಸ್ಪಷ್ಟವಾಗುವುದು. ಅದನ್ನು ಸಹಿಸದವರಿಗೆ ಬೇಡ. ನಮಗಂತೂ ಮನಸೂರರ ಹಿಂದೆ ನುಡಿಯುವ ತಂಬೂರಿ ಈಗಲೇ ಸರಿಯಾಗಿ ಕೇಳಿಸಿತು.

ಎಂಟೂ ವಚನಗಳನ್ನು ಮೊದಲಿನಿಂದ ಬೆರೆಸಿ, ಫೋನಿನಲ್ಲೂ ಕಾರಿನಲ್ಲೂ ಕೇಳಿ ನೋಡಿ, ಮತ್ತೆ ಕಮಲಾಪುರಕ್ಕೆ ಒಯ್ದೆವು. ಆ ಹಿರಿಯರು ಕಣ್ಣುಮುಚ್ಚಿ ಕೇಳಿದರು. ಎರಡನೆಯ ವಚನದಲ್ಲಿ ತಾವು ಒಂದು ಮಾತು ತಪ್ಪಿದ್ದು ಅವರಿಗೆ ಈ ಸಲ ಕೇಳಿಸಿತು. ಅದನ್ನು ಇನ್ನೊಮ್ಮೆ ಹಾಡುವೆನೆಂದು ಹಟ ಹಿಡಿದಿದ್ದಾರೆ. ಬರುವ ಸೋಮವಾರ ಹೊರಟಿದ್ದೇವೆ.