ಬಸುರಿಯ ಕೈಗೆ ಹಸಿ ಹೊಗೆಸೊಪ್ಪು ಬೇಡ

ಮುಂಗಾರು ಹಿಡಿದ ಮೇಲೆ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಸುತ್ತಲಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ಮುರಿಯುವ ಭರಾಟೆ. ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕೂತು ಎಲೆಯನ್ನು ಕಡ್ಡಿಗೆ ಕಟ್ಟುವವರು ಹೆಚ್ಚಾಗಿ ಹೆಣ್ಣಾಳುಗಳು. ನರ್ಸ್ ಆಗಿ ಈ ಸೀಮೆಯಲ್ಲೇ ದುಡಿದು ನಿವೃತ್ತಳಾದ ನಾನು, ಆ ಸಾಲಿನಲ್ಲಿ ತುಂಬು ಬಸುರಿಯರನ್ನೂ ಕಂಡಿದ್ದೇನೆ. ‘ತಲೆ ಸುತ್ತುತ್ತೆ ನರ್ಸಮ್ಮ, ವಾಂತಿ ನಿಲ್ಲಾಕಿಲ್ಲ’ ಅಂದರೆ, ‘ಬಸುರೀಗೆ ವಾಂತಿ ಬರ್ದೆ ಇನ್ಯಾರಿಗೆ ಬಂದಾತು’ ಎಂದು ಅತ್ತೆ ಬಾಯಿ ಮುಚ್ಚಿಸುತ್ತಾರೆ.

ಆ ವಾಂತಿಗೆ ಎಲೆಯೂ ಕಾರಣವಾದೀತು. ಮಳೆ, ಇಬ್ಬನಿ, ಬೆವರಿನಿಂದ ಒದ್ದೆಯಾದ ಹಸಿ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕಿಳಿಯುತ್ತದೆ. ಬೀಡಿ ಮುಟ್ಟದವಳನ್ನೂ ಬಿಡದು. ಮಾಸು ದಾಟಿ ಮಗುವಿಗೂ ಸೇರುತ್ತದೆ. ಜೊತೆಗೆ ಬ್ಯಾರನ್ನಿನ ಸೌದೆಹೊಗೆ ಬೇರೆ.

ಇದರಿಂದ ಮಗುವಿಗೇನು ಕೇಡು? ನಾವು ಉಸಿರಾಡುವ ಆಮ್ಲಜನಕದ ಒಂದಂಶ ಜೀವಕೋಶಗಳನ್ನೇ ಕೆಡಿಸುವ ಕಣಗಳಾಗುತ್ತದೆ. ಅವನ್ನು ತಡೆಯುವ ಕಿಣ್ವಗಳು ಮೈಯಲ್ಲೇ ಇವೆ. ಕೆಡುಕು ತಡೆಯನ್ನು ಮೀರಿದರೆ ವೈದ್ಯರು ಅದನ್ನು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ತಂಬಾಕಿನ ಹೊಗೆ, ನಿಕೋಟಿನ್ ಎರಡೂ ಅದನ್ನು ಹೆಚ್ಚಿಸುತ್ತವೆ. ಗರ್ಭದ ಕಡಿಮೆ ಆಮ್ಲಜನಕಕ್ಕೆ ಒಗ್ಗಿದ ಕೂಸಿಗೆ ಮೊದಲ ಉಸಿರಿನೊಡನೆ ಆಮ್ಲಜನಕ ಒಮ್ಮೆಗೇ ಏರುತ್ತದೆ. ತಡೆಯುವ ಕಿಣ್ವಗಳು ಬಲಿಯುವುದೋ ಕೊನೆಯ ವಾರಗಳಲ್ಲಿ. ದಿನ ತುಂಬದೆ ಹುಟ್ಟಿದ ಕೂಸಿಗೆ ಆ ಕಾವಲು ತೀರ ತೆಳು; ಶ್ವಾಸಕೋಶ, ಮಿದುಳು, ಕಣ್ಣು ಸೋಲಬಹುದು. 1940–50ರ ದಶಕಗಳಲ್ಲಿ ಧಾರಾಳವಾಗಿ ಆಮ್ಲಜನಕ ಕೊಟ್ಟ ವಿದೇಶಿ ಆಸ್ಪತ್ರೆಗಳಲ್ಲಿ ಸಾವಿರಾರು ಕೂಸುಗಳ ಕಣ್ಣು ಹೋಯಿತು. ಅಂಥ ಕಣ್ಣುಗಳನ್ನು ಉಳಿಸಲೆಂದೇ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಯೋಜನೆ ಆರಂಭಿಸಿ ಜಿಲ್ಲೆಗಳಿಗೇ ಹೋಯಿತು.

ತಂಬಾಕು ಸೇದುವ, ಅಗಿಯುವ ತಾಯಂದಿರಿಗೆ ದಿನ ತುಂಬದ, ತೂಕ ಕಡಿಮೆಯ ಮಕ್ಕಳು ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ಕಡ್ಡಿಗೆ ಎಲೆ ಕಟ್ಟುವವಳ ಮೈಗೆ ಇಳಿಯುವುದೂ ಅದೇ ನಿಕೋಟಿನ್. ಎಚ್ಚರಕ್ಕೆ ಇಷ್ಟು ಸಾಲದೇ?

ಬೆಳೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ಎಷ್ಟೋ ಮನೆಗಳ ಸಾಲ ತೀರುವುದೇ ಅದರಿಂದ. ಆದರೆ ಬಸುರಿ ಏನು ಕೆಲಸ ಮಾಡುತ್ತಾಳೆಂದು ಆಶಾ ಕಾರ್ಯಕರ್ತೆ ಕೇಳಿ ತಾಯಿ ಕಾರ್ಡಿನಲ್ಲಿ ಬರೆಯಲಿ. ಬ್ಯಾರನ್ನಿಗೆ ಲೈಸೆನ್ಸ್ ಕೊಡುವ ತಂಬಾಕು ಮಂಡಳಿ, ಬಸುರಿಯರಿಂದ ಹಸಿ ಸೊಪ್ಪು ಕಟ್ಟಿಸಬಾರದೆಂಬ ಷರತ್ತು ಹಾಕಲಿ. ಬರೀ ಷರತ್ತು ಹಾಕಿದರೆ ಕೂಲಿ ಹೋಗುವುದು ಅವಳದ್ದೇ. ಮಾತೃವಂದನಾ ಯೋಜನೆಯ 5,000 ರೂಪಾಯಿ ಕಂತಿನಲ್ಲಿ ಬರುತ್ತದೆ, ಕಟಾವಿನ ತಿಂಗಳು ನೋಡಿ ಬರುವುದಿಲ್ಲ. ಹರಾಜಿನಲ್ಲಿ ಮಂಡಳಿ ಹಿಡಿಯುವ ಸೇವಾ ಶುಲ್ಕದಲ್ಲಿ ಒಂದು ಪಾಲು, ಕೆಲಸ ಬಿಟ್ಟು ಮನೆಯಲ್ಲಿರುವ ಬಸುರಿಯ ಕೂಲಿಗೆ ಹೋಗಲಿ. ಸೊಪ್ಪಿನ ದುಡ್ಡಿನಲ್ಲಿ ಅವಳದ್ದೂ ದುಡಿಮೆಯಿದೆ.